ಹೆಚ್ಚು ಎನ್ನುವುದೂ ಗೆದ್ದಿತು ಎನ್ನುವುದೂ

2011ನೆಯ ಇಸವಿಯ ಜನಗಣತಿಯಂತೆ ತುಮಕೂರು ಜಿಲ್ಲೆಯಲ್ಲಿದ್ದ ಗಂಡಸರು 13,50,594 ಮಂದಿ. ಹೆಂಗಸರು 13,28,386 ಮಂದಿ. ಇವೆರಡರ ಅಂತರವನ್ನು ಇಂಗ್ಲಿಷಿನಲ್ಲಿ ವರದಿಮಾಡತಕ್ಕವನಿಗೆ ‘ಔಟ್‌ನಂಬರ್’ ಎಂಬ ಒಂದು ಕ್ರಿಯಾಪದವು ಸಿದ್ಧವಾಗಿ ಕೈಗೆ ದೊರೆಯುತ್ತದೆ. ಗಂಡಸರನ್ನು ಕರ್ತೃಪದವಾಗಿಯೂ ಹೆಂಗಸರನ್ನು ಕರ್ಮಪದವಾಗಿಯೂ ಇರಿಸಿ, ನಡುವೆ ಆ ಕ್ರಿಯಾಪದವನ್ನು ನಿಲ್ಲಿಸಿಬಿಟ್ಟರೆ ವಾಕ್ಯವು ಪೂರ್ಣವಾಗುತ್ತದೆ. ಅದೇ ವಾಕ್ಯವನ್ನು ಕನ್ನಡಕ್ಕೆ ತರಬೇಕಾದ ಭಾಷಾಂತರಕಾರನು ಅವಸರದಲ್ಲಿ ‘ಸಂಖ್ಯೆಯಲ್ಲಿ ಗಂಡಸರು ಹೆಂಗಸರನ್ನು ಮೀರಿಸಿದ್ದಾರೆ’ ಎಂದು ಬರೆದನೆಂದರೆ, ವ್ಯಾಕರಣದ ದೃಷ್ಟಿಯಿಂದ ಅದರಲ್ಲಿ ದೋಷವನ್ನು ಹಿಡಿಯುವುದು ಸುಲಭವಲ್ಲ. ಆದರೆ ಓದಿದವನಿಗೆ, ಯಾವುದೋ ಒಂದು ಪಂದ್ಯವು ನಡೆದು ಅದರಲ್ಲಿ ಗಂಡಸರು ಗೆದ್ದರೆಂಬ ಭ್ರಮೆಯು ಕ್ಷಣಕಾಲವಾದರೂ ಉಂಟಾಗದೆ ಇರದು. ಹುಟ್ಟುವುದರಲ್ಲಿಯೂ ಬದುಕಿ ಉಳಿಯುವುದರಲ್ಲಿಯೂ ಯಾರು ಯಾರೊಡನೆ ಪಂದ್ಯ ಕಟ್ಟಿದ್ದರು? ‘ಹೆಂಗಸರಿಗಿಂತ ಗಂಡಸರು 22,208 ಮಂದಿ ಹೆಚ್ಚು’ ಎಂದು ಬರೆದಿದ್ದರೆ ವಿಷಯವೂ ಮುಟ್ಟುತ್ತಿತ್ತು, ಯಾರ ಕೊರಳಿಗೂ ಹಾರವೂ ಬೀಳುತ್ತಿರಲಿಲ್ಲ.

ಹೋಲಿಕೆಯ ಇಂಗ್ಲಿಷ್ ಕ್ರಿಯಾಪದವನ್ನು ಅನ್ಯಭಾಷೆಗೆ ಕೊಂಡೊಯ್ಯುವ ಈ ಕಷ್ಟವು ಕನ್ನಡದವರಿಗೆ ಮಾತ್ರವೇ ಮೀಸಲಾದುದಲ್ಲ. ಯೂರೋಪಿನಲ್ಲಿಯೇ, ಸ್ಲಾವ್ ಕುಲಕ್ಕೆ ಸೇರಿದ ಪೋಲಿಷ್ ಭಾಷೆಯಲ್ಲಿ ಬರೆಯತಕ್ಕವರು ಈ ಕವಲುದಾರಿಯಲ್ಲಿ ನಿಂತು ನಮ್ಮಂತೆಯೇ ಯೋಚಿಸಬೇಕಾಗುತ್ತದೆ. ‘ಪ್ಷೆವಿಷ್ಷಾಚ್’ ಎಂಬ ಅವರ ಕ್ರಿಯಾಪದವು ‘ಹೆಚ್ಚು ಎತ್ತರವಾದ’ ಎಂಬ ಗುಣವಾಚಕದ ಹಿಂದೆ ‘ಅತಿಕ್ರಮಿಸಿ’ ಎಂಬರ್ಥದ ಉಪಸರ್ಗವನ್ನು ಜೋಡಿಸಿದುದರಿಂದ ಆದುದು. ಅದರ ಮುಂದೆ ‘ಸಂಖ್ಯೆಯಲ್ಲಿ’ ಎಂಬರ್ಥದ ಮಾತನ್ನು ಸೇರಿಸಿದರೆ ‘ಔಟ್‌ನಂಬರ್’ ಎಂಬುದರ ಕೆಲಸವನ್ನು ಅದು ನಿರ್ವಹಿಸಬಲ್ಲದು. ಆದರೆ ಸಾಮಾನ್ಯವಾದ ಮಾತುಕತೆಯಲ್ಲಿ ಪೋಲೆಂಡಿನವನು ಹೀಗೆ ಹೇಳುವುದಿಲ್ಲ. ‘ಹೆಂಗಸರಿಗಿಂತ ಗಂಡಸರು ಹೆಚ್ಚು’ ಎಂಬ ನಮ್ಮ ದಾರಿಯನ್ನೇ ಅವನೂ ಹಿಡಿಯುತ್ತಾನೆ. ಅಷ್ಟೇ ಅಲ್ಲ, ಅವನ ವಾಕ್ಯದಲ್ಲಿ ‘ಗಂಡಸರು’ ಎಂಬ ಪದವು ಪ್ರಥಮಾ ವಿಭಕ್ತಿಯಲ್ಲಿ ಕರ್ತೃವಾಗಿ ನಿಲ್ಲದೆ, ‘ಗಂಡಸರದು ಹೆಚ್ಚಾಗಿದೆ’ ಎಂಬಂತೆ ಷಷ್ಠಿಯಲ್ಲಿ ಬಂದು, ಕ್ರಿಯಾಪದವು ಏಕವಚನದಲ್ಲಿ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಸಿಂಹಾಸನವೇರಿ ಕುಳಿತಿದ್ದ ಕರ್ತೃವನ್ನು ಪೋಲಿಷ್ ವ್ಯಾಕರಣವು ಕೆಳಗಿಳಿಸಿ, ಎಣಿಕೆಗೆ ಸಿಕ್ಕುವ ಒಂದು ರಾಶಿಯನ್ನಾಗಿ ಮಾಡಿಬಿಡುತ್ತದೆ. ಜನಗಣತಿಯ ವಿಷಯದಲ್ಲಿ ಇದು ಯುಕ್ತವೇ ಸರಿ.

ತುಮಕೂರು ಸೀಮೆಗೂ ಈ ಪ್ರಶ್ನೆಗೂ ಇರುವ ಸಂಬಂಧವು ಕೇವಲ ಜನಗಣತಿಯದಲ್ಲ. ತುಮಕೂರಿಗೆ ಪಶ್ಚಿಮದಲ್ಲಿರುವ ಗುಬ್ಬಿಯಲ್ಲಿ 1837ರ ವೇಳೆಗೆ ವೆಸ್ಲಿಯನ್ ಮಿಷನ್ನಿನ ಪಾದ್ರಿಗಳು ನೆಲೆಯೂರಲು ಮೊದಲುಮಾಡಿದರು. ಅಲ್ಲಿ ಎರಡು ವರ್ಷಕಾಲ ಇದ್ದು, ಆರೋಗ್ಯ ಕೆಟ್ಟು 1841ರಲ್ಲಿ ಸ್ವದೇಶಕ್ಕೆ ಹಿಂದಿರುಗಿದ ವಿಲಿಯಂ ಆರ್ಥರ್ ಎಂಬಾತನು ಮೈಸೂರು ಸೀಮೆಯ ತನ್ನ ಅನುಭವಗಳನ್ನು 1847ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಆ ಮಿಷನ್ನಿನ ಮೊದಲಿಗರಲ್ಲಿ ಒಬ್ಬನಾದ ತಾಮಸ್ ಹಾಡ್ಸನ್, ಇಂಗ್ಲಿಷರಿಗೆ ಕನ್ನಡವನ್ನು ಕಲಿಸುವ ಉದ್ದೇಶದಿಂದ ಒಂದು ಪ್ರಾಥಮಿಕ ವ್ಯಾಕರಣವನ್ನು ರಚಿಸಿದನು. ಅದರ ಎರಡನೆಯ ಮುದ್ರಣವು 1864ರಲ್ಲಿ ಬೆಂಗಳೂರಿನಲ್ಲಿ ಹೊರಬಿದ್ದಿತು. ಈ ಜಾತಿಯ ವ್ಯಾಕರಣವನ್ನು ಬರೆಯ ಹೊರಟ ಯಾವ ಪಾಶ್ಚಾತ್ಯನಿಗೂ ಒಂದು ಕಡೆಯಲ್ಲಿ ಲೇಖನಿ ತಡವರಿಸಲೇಬೇಕು. ಲ್ಯಾಟಿನ್ ಗ್ರೀಕ್ ವ್ಯಾಕರಣಗಳನ್ನು ಓದಿ ಬೆಳೆದ ಅವನಿಗೆ ಗುಣವಾಚಕಕ್ಕೆ ಮೂರು ಅವಸ್ಥೆಗಳಿರಬೇಕೆಂಬುದು ಸ್ವತಸ್ಸಿದ್ಧವಾದ ನಂಬಿಕೆ. ದೊಡ್ಡದು, ಅದಕ್ಕೂ ದೊಡ್ಡದು, ಎಲ್ಲಕ್ಕೂ ದೊಡ್ಡದು ಎಂಬ ಈ ಮೂರಕ್ಕೂ ಪದವೇ ರೂಪವನ್ನು ಬದಲಿಸಿಕೊಳ್ಳಬೇಕು. ಸಂಸ್ಕೃತದಲ್ಲಿ ತರ–ತಮಗಳೆಂಬ ಪ್ರತ್ಯಯಗಳಿವೆ. ಪೋಲಿಷಿನಲ್ಲಿ ಪದಾಂತ್ಯಕ್ಕೊಂದು ಪ್ರತ್ಯಯವೂ, ಅದರ ಮೇಲೆ ಪದಾದಿಗೆ ‘ನಾಯ್’ ಎಂಬ ಉಪಸರ್ಗವೂ ಇವೆ. ಕನ್ನಡದ ‘ದೊಡ್ಡ’ ಎಂಬ ಪದವಾದರೋ ಯಾರ ಪಕ್ಕದಲ್ಲಿ ನಿಲ್ಲಿಸಿದರೂ ‘ದೊಡ್ಡ’ವಾಗಿಯೇ ಉಳಿಯುತ್ತದೆ. ಗುಬ್ಬಿಯ ಕೆರೆಗಿಂತ ಕುಣಿಗಲ್ಲಿನ ಕೆರೆ ದೊಡ್ಡದು ಎನ್ನುವಾಗ ಹಿಗ್ಗುವುದು ‘ದೊಡ್ಡ’ ಅಲ್ಲ. ‘ಗುಬ್ಬಿಯ ಕೆರೆ’ ಎಂಬ ಎದುರಿನ ಪದಕ್ಕೆ ‘ಗಿಂತ’ ಎಂಬುದೊಂದು ಅಂಟಿಕೊಂಡು, ಅಳತೆ ಎಲ್ಲಿಂದ ಆರಂಭವಾಗಬೇಕೆಂಬುದನ್ನು ತೋರಿಸುತ್ತದೆ.

‘ಎಲ್ಲಿಂದ’ ಎಂದು ನಾನು ಬರೆದುದು ಆಕಸ್ಮಿಕವಲ್ಲ. ಹಳಗನ್ನಡದಲ್ಲಿ ತಾರತಮ್ಯವನ್ನು ಹೇಳುವುದಕ್ಕೆ ‘ಇಂ’, ‘ಇಂದಂ’ ಎಂಬ ಪ್ರತ್ಯಯಗಳೇ ಸಾಕಾಗಿದ್ದುವು. ಒಂದರಿಂದ ಇನ್ನೊಂದು ಪಿರಿದು ಎಂಬುದು ಅಂದಿನ ರೀತಿ. ಸಂಸ್ಕೃತವು ಪಂಚಮಿಯನ್ನು, ಎಂದರೆ ಅಗಲುವಿಕೆಯ ವಿಭಕ್ತಿಯನ್ನು, ಇದೇ ಕೆಲಸಕ್ಕೆ ನಿಯೋಜಿಸಿತು. ಪೋಲಿಷಿನಲ್ಲಿ ಹೋಲಿಕೆಗೆ ಬಳಕೆಯಾಗುವ ‘ಓದ್’ ಎಂಬ ಅವ್ಯಯದ ಮೂಲಾರ್ಥವೂ ‘ಇಂದ’ ಎಂಬುದೇ. ಅಣ್ಣನಿಂದ ಬಂದ ಕಾಗದಕ್ಕೂ, ಅಣ್ಣನಿಗಿಂತ ಎತ್ತರವಾದ ತಮ್ಮನಿಗೂ ಅವರಲ್ಲಿ ಒಂದೇ ಮಾತು. ಇಂಗ್ಲಿಷ್ ಮಾತ್ರ ಬೇರೆ ಹಾದಿಯನ್ನು ಹಿಡಿಯಿತು. ಅದರ ‘ದ್ಯಾನ್’ ಎಂಬುದು ‘ಆಮೇಲೆ’ ಎಂಬರ್ಥದ ‘ದೆನ್’ ಪದದ ಒಡಹುಟ್ಟು; ಮೊದಲು ಇದು, ಆಮೇಲೆ ಅದು ಎಂಬ ಕ್ರಮದಿಂದ ಅಲ್ಲಿ ತಾರತಮ್ಯದ ಭಾವವು ಬೆಳೆಯಿತು. ದೂರವನ್ನು ಅಳೆಯುವ ಭಾಷೆಗಳ ನಡುವೆ ಸರದಿಯನ್ನು ಎಣಿಸುವ ಭಾಷೆಯೊಂದು ಬಂದು ನಿಂತಿರುವುದರಿಂದಲೇ ಭಾಷಾಂತರದಲ್ಲಿ ಇಷ್ಟೆಲ್ಲ ತೊಡಕು ಎಂದು ಹೇಳುವಷ್ಟು ಧೈರ್ಯ ನನಗಿಲ್ಲ. ಆದರೆ ಪೋಲಿಷಿಗೂ ಕನ್ನಡಕ್ಕೂ ಈ ವಿಷಯದಲ್ಲಿ ನೆರೆಹೊರೆಯವರ ಸಲಿಗೆಯುಂಟೆಂಬುದು ನಿಜ.

ನಮ್ಮ ನಾಡಿನ ಮಣ್ಣಿನ ಮೇಲೆಯೇ ಈ ಭಾಷೆಗಳ ಭೇಟಿಯೂ ನಡೆಯಿತು. ವಾಂಡಾ ಡಿನೋವ್‌ಸ್ಕಾ ಎಂಬ ಪೋಲಿಷ್ ವಿದುಷಿ 1935ರಲ್ಲಿ ಭಾರತಕ್ಕೆ ಬಂದು, ಗಾಂಧೀಜಿಯವರಿಂದ ‘ಉಮಾದೇವಿ’ ಎಂಬ ಹೆಸರನ್ನು ಪಡೆದು, 1944ರಲ್ಲಿ ಇಂಡೋ–ಪೋಲಿಷ್ ಗ್ರಂಥಮಾಲೆಯನ್ನು ಸ್ಥಾಪಿಸಿ, ಭಗವದ್ಗೀತೆಯನ್ನು ಮೊದಲುಗೊಂಡು ಭಾರತದ ಅನೇಕ ಕೃತಿಗಳನ್ನು ಪೋಲಿಷಿಗೆ ತಂದರು. 1971ರಲ್ಲಿ ಅವರು ದೇಹವನ್ನು ಬಿಟ್ಟುದು ಮೈಸೂರಿನಲ್ಲಿ. ಅವರ ಸಹಕಾರಿಯಾದ ಮಾರಿಸ್ ಫ್ರಿಡ್‌ಮನ್ ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಯನ್ನು ನಡೆಸುತ್ತಿದ್ದ ಇಂಜಿನಿಯರು. ಗೀತೆಯ ಆರನೆಯ ಅಧ್ಯಾಯದ ಕೊನೆಯಲ್ಲಿ ಯೋಗಿಯನ್ನು ತಪಸ್ವಿಗಳಿಗಿಂತಲೂ ಜ್ಞಾನಿಗಳಿಗಿಂತಲೂ ಕರ್ಮಿಗಳಿಗಿಂತಲೂ ಅಧಿಕನೆಂದು ಹೇಳುವ ಕಡೆಯಲ್ಲಿ ಮೂಲವು ಉಪಯೋಗಿಸುವುದು ಪಂಚಮಿಯನ್ನು ಮತ್ತು ‘ಅಧಿಕ’ ಎಂಬ ಶಾಂತವಾದ ಗುಣವಾಚಕವನ್ನು. ಅದನ್ನು ಇಂಗ್ಲಿಷ್ ಭಾಷಾಂತರವೊಂದರ ಮೂಲಕ ಓದುವವನು, ‘ಯೋಗಿಯು ತಪಸ್ವಿಯನ್ನು ಮೀರಿಸುತ್ತಾನೆ’ ಎಂಬರ್ಥದ ಸಕರ್ಮಕ ಕ್ರಿಯಾಪದವನ್ನು ಎದುರಿಸಬೇಕಾಗಿ ಬರಬಹುದು. ಅಲ್ಲಿಂದ ಪೋಲಿಷಿಗೆ ಹೋಗುವುದಾದರೆ ಇನ್ನೂ ಒಂದು ಸಂಕಟವುಂಟು: ಪೋಲಿಷಿನ ಪ್ರತಿಯೊಂದು ಕ್ರಿಯಾಪದಕ್ಕೂ ಮುಗಿದ ಕೆಲಸದ ರೂಪವೊಂದು, ನಡೆಯುತ್ತಲೇ ಇರುವ ಅವಸ್ಥೆಯ ರೂಪವೊಂದು ಎಂದು ಸಾಮಾನ್ಯವಾಗಿ ಜೋಡಿಗಳಿರುವುವು. ಯೋಗಿಯು ತಪಸ್ವಿಯನ್ನು ಒಮ್ಮೆ ಮೀರಿಸಿ ಮುಗಿಸಿದನೆ, ಅಥವಾ ಸದಾಕಾಲವೂ ಮಿಗಿಲಾಗಿಯೇ ಇದ್ದಾನೆಯೆ? ಮೂಲವು ಎತ್ತದಿದ್ದ ಪ್ರಶ್ನೆಗೆ ಭಾಷಾಂತರಕಾರನು ಉತ್ತರ ಹೇಳಲೇಬೇಕಾಗುತ್ತದೆ. ಇಂಗ್ಲಿಷಿನ ದಳ್ಳಾಳಿತನವಿಲ್ಲದೆ ಸಂಸ್ಕೃತದಿಂದ ನೇರವಾಗಿ ಪೋಲಿಷಿಗೆ ಹೋದವನಿಗೆ, ‘ಓದ್’ ಎಂಬ ಅವ್ಯಯವೊಂದರಿಂದ ಎಲ್ಲವೂ ಬಗೆಹರಿಯುತ್ತದೆ.

ಇಷ್ಟನ್ನು ಓದಿದ ಪಂಡಿತರು ಇಲ್ಲಿ ಆಕ್ಷೇಪಿಸಬಹುದು. ಹೋಲಿಕೆಯನ್ನು ಕಾದಾಟವನ್ನಾಗಿ ಮಾಡಿದವರು ಇಂಗ್ಲಿಷರೇ ಎಂದು ಹೇಗೆ ಹೇಳುತ್ತೀರಿ? ನಮ್ಮ ಅಲಂಕಾರಶಾಸ್ತ್ರವನ್ನು ನೋಡಿಲ್ಲವೆ? ಆಕ್ಷೇಪವು ಬಲವಾದುದು, ಅದನ್ನು ಹಗುರಾಗಿ ತೆಗೆದುಹಾಕಲಾಗದು. ದಂಡಿಯು ಕಾವ್ಯಾದರ್ಶದ ಎರಡನೆಯ ಪರಿಚ್ಛೇದದಲ್ಲಿ ಸಾದೃಶ್ಯವನ್ನು ಸೂಚಿಸುವ ಪದಗಳನ್ನು ಪಟ್ಟಿಮಾಡುತ್ತ, ‘ಇವ’, ‘ವತ್’ ಮುಂತಾದ ಸಾಧುವಾದ ಅವ್ಯಯಗಳಲ್ಲಿಯೇ ನಿಲ್ಲದೆ, ಒಂದು ಕ್ರಿಯಾಪದಗಳ ಸೇನೆಯನ್ನೇ ನಮ್ಮ ಮುಂದೆ ನಡೆಸುತ್ತಾನೆ: ಸ್ಪರ್ಧಿಸುತ್ತದೆ, ಜಯಿಸುತ್ತದೆ, ದ್ವೇಷಿಸುತ್ತದೆ, ನಿಂದಿಸುತ್ತದೆ, ಅಸೂಯೆಪಡುತ್ತದೆ, ನಗುತ್ತದೆ, ಸೊಬಗನ್ನು ಕದಿಯುತ್ತದೆ, ಅದರೊಡನೆ ತಕ್ಕಡಿಯನ್ನೇರುತ್ತದೆ. ಮುಖವು ಚಂದ್ರನನ್ನು ಜಯಿಸಿತು ಎಂದರೂ, ಚಂದ್ರನನ್ನು ನೋಡಿ ನಕ್ಕಿತು ಎಂದರೂ ಅಭಿಪ್ರಾಯವು ‘ಚಂದ್ರನಂತೆ’ ಎಂಬುದೇ. ದಂಡಿಯನ್ನು ಅನುಸರಿಸಿ ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವೂ, ಅಲ್ಲಿಂದ ಮುಂದೆ ಚಂಪೂಕವಿಗಳೂ ಷಟ್ಪದಿಯ ಕವಿಗಳೂ ಈ ಸಂಪತ್ತನ್ನು ಧಾರಾಳವಾಗಿ ಬಳಸಿಕೊಂಡರು. ‘ಪಳಿವ’, ‘ಏಳಿಪ’, ‘ನಾಚಿಪ’ ಎಂಬ ಕನ್ನಡದ ಪದಗಳಿಗೆ ಕಾವ್ಯದಲ್ಲಿ ಬಿಡುವೇ ಇರಲಿಲ್ಲ. ಗುಬ್ಬಿಯವನೇ ಆದ ಮಲ್ಲಣಾರ್ಯನು 1513ರಲ್ಲಿ ಭಾವಚಿಂತಾರತ್ನವನ್ನೂ 1530ರಲ್ಲಿ ವೀರಶೈವಾಮೃತ ಪುರಾಣವನ್ನೂ ರಚಿಸಿದ ಕವಿ. ಪುರವರ್ಣನೆ, ಋತುವರ್ಣನೆಗಳ ಆ ಪರಂಪರೆಯಲ್ಲಿ ಇಂತಹ ಕ್ರಿಯಾಪದಗಳಿಲ್ಲದೆ ಒಂದು ಹೆಜ್ಜೆಯನ್ನೂ ಇಡುವಂತಿರಲಿಲ್ಲ. ಉಪಮಾನವನ್ನು ಉಪಮೇಯವು ಮೀರಿದರೆ ಅದಕ್ಕೆ ವ್ಯತಿರೇಕವೆಂಬ ಬೇರೆಯ ಹೆಸರೇ ಉಂಟು.

ಈ ಶಾಸ್ತ್ರವನ್ನು ಆಧುನಿಕ ಕನ್ನಡಿಗನಿಗೆ ತಿಳಿಯಾದ ಗದ್ಯದಲ್ಲಿ ವಿವರಿಸಿಕೊಟ್ಟ ‘ಭಾರತೀಯ ಕಾವ್ಯಮೀಮಾಂಸೆ’ಯ ಕರ್ತೃಗಳಾದ ತೀ. ನಂ. ಶ್ರೀಕಂಠಯ್ಯನವರು ತುಮಕೂರು ಜಿಲ್ಲೆಯವರೇ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಜನಿಸಿದವರು. ಆ ಶಾಸ್ತ್ರಕಾರರಲ್ಲಿ ಒಬ್ಬನಾದ ಅಪ್ಪಯ್ಯ ದೀಕ್ಷಿತನು ಉಪಮೆಯನ್ನು, ಬೇರೆ ಬೇರೆ ವೇಷಗಳನ್ನು ತೊಟ್ಟು ಕಾವ್ಯರಂಗದ ಮೇಲೆ ಕುಣಿಯುವ ಒಬ್ಬಳೇ ನಟಿಯೆಂದು ಕಂಡನು. ಗುಬ್ಬಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1884ರಲ್ಲಿ ಅಲ್ಲಿ ಹುಟ್ಟಿದ ಚೆನ್ನಬಸವೇಶ್ವರ ನಾಟಕ ಸಂಘವು, ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾದ ಕಂಪನಿಯಾಗಿ ಬೆಳೆದು, ಊರೂರಿನಲ್ಲಿ ಡೇರೆಯೆತ್ತಿ ಆಡಿದ ಪೌರಾಣಿಕ ನಾಟಕಗಳಲ್ಲಿ ರಾಜರೂ ವಂದಿಮಾಗಧರೂ ಹೊಗಳುತ್ತಿದ್ದುದೇ ಈ ಉಪಮೆಯ ಭಾಷೆಯಲ್ಲಿ. ತುಮಕೂರಿನ ಪಕ್ಕದ ಬೆಳ್ಳಾವೆಯ ನರಹರಿಶಾಸ್ತ್ರಿಗಳು ಆ ಕಂಪನಿಗೆ ನಾಟಕಗಳನ್ನು ಬರೆದುಕೊಟ್ಟವರು. 1934ರ ‘ಸತಿ ಸುಲೋಚನ’ ಚಲನಚಿತ್ರದಲ್ಲಿ ಮೊದಲಬಾರಿಗೆ ಕನ್ನಡವು ಬೆಳ್ಳಿಯ ತೆರೆಯಿಂದ ಮಾತನಾಡಿದಾಗ, ಆ ಮಾತುಗಳನ್ನು ಬರೆದವರೂ ಅವರೇ. ಹೊಗಳಿಕೆಯ ಕ್ರಿಯಾಪದಗಳು ಕಾವ್ಯದಿಂದ ರಂಗಕ್ಕೂ ರಂಗದಿಂದ ತೆರೆಗೂ ಇಳಿದುಬಂದ ದಾರಿಯು ಈ ಒಂದು ಜಿಲ್ಲೆಯೊಳಗೇ ಹಾದುಹೋಗಿದೆ.

ಆದುದರಿಂದ ಗೆಲ್ಲುವ, ನಾಚಿಸುವ, ಮೀರಿಸುವ ಕ್ರಿಯಾಪದಗಳು ಕನ್ನಡಕ್ಕೆ ಪರಕೀಯವಲ್ಲ. ನಾನು ಹೇಳಹೊರಟಿರುವುದು ಬೇರೆಯ ಮಾತು. ಕನ್ನಡದಲ್ಲಿ ಅವುಗಳಿಗೊಂದು ಮನೆಯುಂಟು. ಅದು ಸ್ತುತಿಯ ಮನೆ, ಸ್ಪರ್ಧೆಯ ಮನೆ. ಲೆಕ್ಕಪತ್ರದ ಮನೆಯಲ್ಲಿ ಕೆಲಸಮಾಡುವುದು ‘ಗಿಂತ’, ‘ಹೆಚ್ಚು’, ‘ಕಡಿಮೆ’, ‘ಸಮ’ ಎಂಬ ಸಾಧುಪದಗಳು. ಇಂಗ್ಲಿಷಿನಲ್ಲಿ ಈ ಎರಡು ಮನೆಗಳ ನಡುವಣ ಗೋಡೆಯು ಎಂದೋ ಬಿದ್ದುಹೋಗಿದೆ. ರಣರಂಗದಲ್ಲಿ ಶತ್ರುವನ್ನು ಮೀರಿದ ಸೇನೆಗೂ, ಕಳೆದ ತಿಂಗಳಿಗಿಂತ ಹೆಚ್ಚು ಬಿದ್ದ ಮಳೆಗೂ ಅಲ್ಲಿ ಒಂದೇ ಕುಟುಂಬದ ಕ್ರಿಯಾಪದಗಳು ನಡೆಯುತ್ತವೆ. ಓದುವವನಿಗೆ ಕತ್ತಿಯ ಸದ್ದು ಕೇಳಿಸುವುದೇ ಇಲ್ಲ, ಅಷ್ಟು ಸವೆದಿವೆ. ನಮ್ಮಲ್ಲಿ ಅವು ಇನ್ನೂ ಸವೆದಿಲ್ಲ. ಅದರಲ್ಲಿಯೂ ‘ಮೀರು’ ಎಂಬ ಧಾತುವಿಗೆ ಎಲ್ಲೆಯನ್ನು ದಾಟುವ, ಅಪ್ಪಣೆಯನ್ನು ಉಲ್ಲಂಘಿಸುವ ಅರ್ಥವೂ ಬೆನ್ನಿಗಿರುವುದರಿಂದ, ಮೇರೆ ಮೀರಿದವನನ್ನೂ ಮಾತು ಮೀರಿದವನನ್ನೂ ಅದು ಜ್ಞಾಪಕಕ್ಕೆ ತರುತ್ತದೆ. ಪುರಸಭೆಯ ಖರ್ಚು ಆಯವ್ಯಯದ ಅಂದಾಜನ್ನು ಮೀರಿತು ಎಂದು ಬರೆದರೆ ಈ ನೆರಳು ಉಪಕಾರವನ್ನೇ ಮಾಡುತ್ತದೆ. ತೆಂಗಿನ ಇಳುವರಿ ಹೋದ ವರ್ಷದ್ದನ್ನು ಮೀರಿತು ಎಂದರೆ, ತೆಂಗಿನ ಮರವು ಏನೋ ತಪ್ಪುಮಾಡಿದಂತೆ ನನ್ನ ಕಿವಿಗೆ ಕೇಳುತ್ತದೆ.

‘ಮೀರಿಸು’ ಎಂಬುದು ಯಥಾರ್ಥವಾಗಿ ಸಲ್ಲುವ ಸ್ಥಳವನ್ನು ನೋಡಬೇಕಾದರೆ ತುಮಕೂರಿನಿಂದ ಕುಣಿಗಲ್ಲಿನ ರಸ್ತೆಯನ್ನು ಹಿಡಿಯಬೇಕು. ಗೂಳೂರಿನ ಸಮೀಪದಲ್ಲಿ, ಹನ್ನೆರಡನೆಯ ಶತಮಾನದ ಚೆನ್ನಕೇಶವ ದೇವಾಲಯವಿರುವ ಕೈದಾಳವಿದೆ. ಬೇಲೂರಿನಲ್ಲಿ ಜಕಣಾಚಾರಿಯು ಕೆತ್ತಿದ ವಿಗ್ರಹದ ಶಿಲೆಯಲ್ಲಿ ದೋಷವಿದೆಯೆಂದು ಅಪರಿಚಿತನಾದ ಒಬ್ಬ ತರುಣ ಶಿಲ್ಪಿಯು ನುಡಿದನೆಂದೂ, ಅದು ನಿಜವಾದರೆ ತನ್ನ ಬಲಗೈಯನ್ನು ಕತ್ತರಿಸಿಕೊಳ್ಳುವೆನೆಂದು ಜಕಣನು ಪಂತವಾಡಿದನೆಂದೂ, ಕಲ್ಲಿನ ಹೊಟ್ಟೆಯಿಂದ ಕಪ್ಪೆಯು ಹೊರಬಿದ್ದಿತೆಂದೂ, ಆ ತರುಣನು ಜಕಣನ ಮಗನಾದ ಡಂಕಣನೇ ಎಂದು ಆಮೇಲೆ ತಿಳಿಯಿತೆಂದೂ, ಕಳೆದುಹೋದ ಕೈಯು ಈ ಊರಿನಲ್ಲಿ ದೇವಾಲಯವನ್ನು ಕಟ್ಟಿದಾಗ ಮರಳಿ ಬಂದುದರಿಂದ ಊರಿಗೆ ಕೈದಾಳವೆಂದು ಹೆಸರಾಯಿತೆಂದೂ ಐತಿಹ್ಯವು ಹೇಳುತ್ತದೆ. ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲವೆಂಬುದು ಇರಲಿ. ಇಲ್ಲಿ ಪಂತವಿದೆ, ಎದುರಾಳಿಗಳಿದ್ದಾರೆ, ತೀರ್ಪು ಹೇಳುವುದಕ್ಕೆ ಕಪ್ಪೆಯೂ ಇದೆ. ಮಗನು ತಂದೆಯನ್ನು ಮೀರಿಸಿದನು ಎಂಬುದಕ್ಕೆ ಇದಕ್ಕಿಂತ ಉಚಿತವಾದ ಸಂದರ್ಭವು ಸಿಕ್ಕದು. ಮಗನಿಂದಲೂ ಶಿಷ್ಯನಿಂದಲೂ ಸೋಲನ್ನು ಬಯಸಬೇಕೆಂಬ ಹಿಂದಿನವರ ಭಾವನೆಯು ಆ ಕ್ರಿಯಾಪದಕ್ಕೆ ಗೌರವವನ್ನೂ ತಂದುಕೊಡುತ್ತದೆ.

ಅದೇ ರಸ್ತೆಯಲ್ಲಿ ಮುಂದೆ ಹೋದರೆ ಕುಣಿಗಲ್ಲಿನ ಕುದುರೆ ಫಾರಂ. ಟೀಪೂ ಸುಲ್ತಾನನ ಕಾಲದಲ್ಲಿ ಅಶ್ವಸೈನ್ಯಕ್ಕಾಗಿ ಕುದುರೆಗಳನ್ನು ಸಾಕಿದ ಆ ನೆಲದಲ್ಲಿ ಈಚಿನ ಕಾಲದಲ್ಲಿ ಬೆಳೆದುದು ಜೂಜಿನ ಕುದುರೆಗಳು. ರೇಸಿನ ಭಾಷೆಯಲ್ಲಿ ಗೆಲುವಿನ ಅಂತರವನ್ನು ಗಜದಿಂದಲೂ ಮೀಟರಿನಿಂದಲೂ ಹೇಳುವುದಿಲ್ಲ. ಕುದುರೆಯ ಮೂಗು, ತಲೆ, ಕತ್ತು, ಮೈಯುದ್ದ ಇವುಗಳೇ ಮಾನದಂಡಗಳು. ಪೋಲೆಂಡಿನವರಿಗೂ ತಲೆಯ ಅಳತೆಯೆಂದರೆ ಇಷ್ಟ. ಒಬ್ಬನು ಇನ್ನೊಬ್ಬನಿಗಿಂತ ‘ಒಂದು ತಲೆಯಷ್ಟು’ ಎತ್ತರ ಎನ್ನುವುದಲ್ಲದೆ, ಬಹಳ ಮೇಲಾದವನು ಉಳಿದವರನ್ನು ‘ತಲೆಯ ಮೇಲೆ ಹೊಡೆಯುತ್ತಾನೆ’ ಎಂದೂ ಅವರು ಹೇಳುತ್ತಾರೆ. ಅಲ್ಲಿ ತಲೆಯಾದರೆ ನಮ್ಮಲ್ಲಿ ಕೈ: ಇವನು ಅವನಿಗಿಂತ ‘ಒಂದು ಕೈ ಮೇಲು’.

ಜನರ ಮಾತಿಗೆ ಬಂದರೆ ನಿಘಂಟುಗಳ ಬಡತನವು ಕಣ್ಣಿಗೆ ಹೊಡೆಯುತ್ತದೆ. ಗುಬ್ಬಿಯ ಸಂತೆಯಲ್ಲಿ ತೆಂಗಿನಕಾಯಿಯ ರಾಶಿಯ ಮುಂದೆ ಚೌಕಾಸಿ ನಡೆಸುವ ಇಬ್ಬರನ್ನು ಕುರಿತು ‘ಸೇರಿಗೆ ಸವಾಸೇರು’ ಎಂದರೆ ಸಾಕು, ಯಾರು ಯಾರಿಗೂ ಕಡಿಮೆಯಿಲ್ಲವೆಂಬುದು ಅಳತೆಯ ಸಮೇತವಾಗಿ ತಿಳಿಯುತ್ತದೆ. ಚಾತುರ್ಯದಲ್ಲಿ ಒಬ್ಬನನ್ನೊಬ್ಬ ಮೀರಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಔಟ್‌ವಿಟ್’ ಎಂಬ ಎರಡಕ್ಷರದ ಪದವಿದ್ದರೆ, ನಮ್ಮವರು ಅವನು ಚಾಪೆಯ ಕೆಳಗೆ ತೂರಿದರೆ ಇವನು ರಂಗೋಲಿಯ ಕೆಳಗೆ ತೂರುತ್ತಾನೆ ಎಂದು ಒಂದು ಚಿಕ್ಕ ನಾಟಕವನ್ನೇ ಆಡಿಸಿಬಿಡುತ್ತಾರೆ. ಅಂತರವು ಬಹಳ ದೊಡ್ಡದಾದಾಗ, ‘ಇವಳಿಗೆ ಅವಳನ್ನ ನೀವಾಳಿಸಿ ಎಸೀಬೇಕು’ ಎನ್ನುವುದುಂಟು. ದೃಷ್ಟಿ ತೆಗೆದು ಬೀದಿಗೆ ಚೆಲ್ಲುವ ಉಪ್ಪು ಮೆಣಸಿನಕಾಯಿಗೆ ಆ ಬಡಪಾಯಿಯನ್ನು ಸಮಮಾಡುವ ಈ ಮಾತನ್ನು ಪೋಲಿಷಿಗೂ ಇಂಗ್ಲಿಷಿಗೂ ಒಯ್ಯುವುದು ಯಾರಿಂದಲೂ ಆಗದ ಕೆಲಸ. ಪೋಲಿಷಿನಲ್ಲಿ ಇದಕ್ಕೆ ವಿರುದ್ಧವಾದ ಸೌಜನ್ಯದ ಮಾತೊಂದಿದೆ. ಒಬ್ಬನು ಇನ್ನೊಬ್ಬನಿಗೆ ಸಾಟಿಯೆಂದು ಹೇಳಬೇಕಾದರೆ ‘ಅವನಿಗೆ ಇವನು ದಾರಿ ಬಿಟ್ಟುಕೊಡುವುದಿಲ್ಲ’ ಎಂಬರ್ಥ ಬರುವಂತೆ ‘ಉಸ್ತೆಂಪೊವಾಚ್’ ಎಂಬ ಕ್ರಿಯಾಪದವನ್ನು ನಿಷೇಧಾರ್ಥದಲ್ಲಿ ಪ್ರಯೋಗಿಸುತ್ತಾರೆ.

ಇಷ್ಟಾದ ಮೇಲೆ, ‘ಕಂಪೇರ್’ ಎಂಬ ಮೂಲಕ್ರಿಯಾಪದವನ್ನೇ ನೋಡೋಣ. ಇಂಗ್ಲಿಷಿನಲ್ಲಿ ಅದರ ಮುಂದೆ ‘ಟು’ ಬಂದರೆ ಸಾದೃಶ್ಯವನ್ನು ಕಾಣುವುದು, ‘ವಿತ್’ ಬಂದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಗುಣದೋಷಗಳನ್ನು ಪರೀಕ್ಷಿಸುವುದು ಎಂದು ಹಳೆಯ ಉಪಾಧ್ಯಾಯರು ಪಾಠ ಹೇಳುತ್ತಿದ್ದರು. ಪೋಲಿಷಿನಲ್ಲಿ ‘ಪೊರೂವ್ನಾಚ್’ ಎಂಬುದರೊಡನೆ ಈ ಭೇದವು ‘ದೊ’ ಮತ್ತು ‘ಜ಼್’ ಎಂಬ ಅವ್ಯಯಗಳಿಂದ ಉಳಿದು ಬಂದಿದೆ. ಆ ಕ್ರಿಯಾಪದದ ಬೇರಾದ ‘ರೂವ್ನಿ’ ಎಂಬುದರ ಅರ್ಥ ಸಮತಟ್ಟಾದ, ಸಮನಾದ ಎಂದು. ಕನ್ನಡದಲ್ಲಿ ಮೊದಲನೆಯದಕ್ಕೆ ‘ಉಪಮಿಸು’, ‘ಹೋಲಿಸು’ ಎಂದೂ, ಎರಡನೆಯದಕ್ಕೆ ‘ಹೋಲಿಸಿ ನೋಡು’, ‘ತೂಗಿ ನೋಡು’ ಎಂದೂ ಬರೆದರೆ ತೊಡಕಿಲ್ಲ. ‘ನೋಡು’ ಎಂಬ ಸಹಾಯಕ್ರಿಯೆಯೇ ಪರೀಕ್ಷೆಯ ಭಾರವನ್ನು ಹೊರುತ್ತದೆ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, ಗುಬ್ಬಿಯ ಕಂಪನಿ ಹುಟ್ಟಿದ 1884ರಲ್ಲಿಯೇ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಸಂಗ್ರಹದಲ್ಲಿ ಬರ್ನ್ಸ್ ಕವಿಯ ಪ್ರೇಮಗೀತೆಯನ್ನು ಕನ್ನಡಿಸಿದಾಗ, ಸ್ಕಾಟ್ಲೆಂಡಿನ ಕೆಂಪು ಗುಲಾಬಿಯ ಸ್ಥಾನಕ್ಕೆ ತಾವರೆಯ ಕೆಂಪನ್ನು ತಂದರು. ಉಪಮಾನವನ್ನೇ ಬದಲಿಸಿದರೂ ಗೆಲುವಿನ ಕ್ರಿಯಾಪದವನ್ನು ಮಾತ್ರ ತರಲಿಲ್ಲ. ಹುಡುಗಿಯು ಹೂವನ್ನು ಜಯಿಸಿದಳೆಂದು ಬರೆಯುವ ಅವಕಾಶವು ಪಂಪ–ರನ್ನರನ್ನು ಬಲ್ಲ ಅವರಿಗೆ ಇಲ್ಲದಿರಲಿಲ್ಲ. ಮೂಲದ ಸರಳತೆಯನ್ನು ಕಂಡು ಅದನ್ನು ಬಿಟ್ಟರೆಂದು ತೋರುತ್ತದೆ.

ಇನ್ನು ‘ಪ್ರಿಫರ್’ ಎಂಬ ಕ್ರಿಯಾಪದವು ಕಛೇರಿಗಳ ಮೂಲಕ ದಿನವೂ ನಮ್ಮ ಮುಂದೆ ಬರುತ್ತದೆ. ಮನೆಯಲ್ಲಿ ‘ಕಾಫಿಗಿಂತ ಟೀ ವಾಸಿ’ ಎಂದು ತಾರತಮ್ಯವನ್ನು ವಸ್ತುವಿನ ಮೇಲೆಯೇ ಹೊರಿಸಿ ಸುಮ್ಮನಾಗುವ ಕನ್ನಡಿಗನು, ಉದ್ಯೋಗದ ಜಾಹೀರಾತಿನಲ್ಲಿ ಮಾತ್ರ ‘ಕಂಪ್ಯೂಟರ್ ಜ್ಞಾನವುಳ್ಳವರಿಗೆ ಆದ್ಯತೆ ನೀಡಲಾಗುವುದು’ ಎಂದು ಬರೆಯುತ್ತಾನೆ. ‘ಆದಿ’ಯಿಂದ ಬಂದ ಆ ಪದವು ಅಭ್ಯರ್ಥಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಮೊದಲನೆಯವನನ್ನು ಬೆರಳುಮಾಡಿ ತೋರಿಸುತ್ತದೆ. ಪೋಲಿಷಿನಲ್ಲಿ ಮನೆಯ ಮಾತಿಗೆ ‘ವೊಲೆಚ್’ ಎಂಬ ಅಚ್ಚ ದೇಶ್ಯ ಕ್ರಿಯಾಪದವುಂಟು. ಜಾಹೀರಾತಿನಲ್ಲಾದರೋ ಅವರು ಹೋಲಿಕೆಯ ಗೋಜಿಗೇ ಹೋಗದೆ, ಕಂಪ್ಯೂಟರ್ ಜ್ಞಾನವಿದ್ದರೆ ಅದು ‘ಸಂತೋಷದಿಂದ ಕಾಣಲ್ಪಡುವುದು’ ಎಂದು ಬರೆಯುವುದೇ ವಾಡಿಕೆ.